ರೇಡಿಯೋದೊಳಗಿನ ಎರಡು ಬೆಸುಗೆ

ನನ್ನ ಎಡಗೈ ತೋರುಬೆರಳಿನ ಮೇಲಿರುವ ಕಲೆ ನೋಡಿ, ಇದೇನೆಂದು ಹೋದ ಸಲ ಬಂದಾಗ ಮೊಮ್ಮಕ್ಕಳು ನೀವು ಕೇಳಿದಿರಿ. ರೊಟ್ಟಿ ಹಂಚು ತಾಗಿದ್ದು ಎಂದು ಹೇಳಿ ಒಳಗೆ ಹೋದೆ. ಅದು ಸುಳ್ಳು. ಬಾಯಿಬಿಟ್ಟು ಹೇಳುವುದು ನನಗೆ ಮೊದಲಿನಿಂದಲೂ ಆಗದು. ಯಲಬುರ್ಗಾ ಕಡೆಯ ನನ್ನ ತವರಿನ ಹಳ್ಳಿಯಲ್ಲಿ ಏಳನೆಯ ತರಗತಿಯವರೆಗೆ ಕಲಿತೆ. ಉತ್ತರ ಗೊತ್ತಿದ್ದರೂ ಎದ್ದು ಹೇಳುತ್ತಿರಲಿಲ್ಲ, ಪಾಟಿಯ ಮೇಲೆ ಬರೆದು ತೋರಿಸುತ್ತಿದ್ದೆ. ಇದನ್ನೂ ಹಾಗೆಯೇ ಬರೆದಿಡುತ್ತಿದ್ದೇನೆ. ನಿಮ್ಮ ಅಪ್ಪನಿಗೂ ಇದು ಗೊತ್ತಿಲ್ಲ.

ಗಂಗಾವತಿಯ ನಮ್ಮ ಮನೆಯ ಮುಂದಿನ ಕೋಣೆಯೇ ನಿಮ್ಮ ಅಜ್ಜನ ರಿಪೇರಿ ಅಂಗಡಿ. ರೇಡಿಯೋ, ಟೇಪು, ಆಮೇಲೆ ಟಿ.ವಿ., ಚಾರ್ಜರು, ಏನು ಕೆಟ್ಟರೂ ಸಿದ್ದಾಪುರ, ಆನೆಗೊಂದಿ ಕಡೆಯವರು ಬಸ್ಸಿಳಿದು ನೇರ ಅಲ್ಲಿಗೇ ಬರುತ್ತಿದ್ದರು. ಅಜ್ಜ ಸೀಸ ಕರಗಿಸಿ ಹಾಕಿದ ಬೆಸುಗೆ ನುಣ್ಣಗೆ ಹೊಳೆಯುತ್ತಿತ್ತು. ಒಮ್ಮೆ ಹಾಕಿದರೆ ಮತ್ತೆ ಅದೇ ಜಾಗ ಬಿಡುತ್ತಿರಲಿಲ್ಲ.

ಅವರ ಕೈ ನಡುಗುವುದನ್ನು ನಾನು ಮೊದಲು ಕಂಡದ್ದು ಚಹಾದ ಬಸಿಯಲ್ಲಿ. ವರ್ಷದೊಳಗೆ ಸ್ಕ್ರೂ ಕೂಡ ಹಿಡಿಯಲಾಗದಂತಾಯಿತು. ಕೊಪ್ಪಳದ ಡಾಕ್ಟರು ಮಾತ್ರೆ ಕೊಟ್ಟರು, ಇದು ಪೂರ್ತಿ ಹೋಗುವುದಲ್ಲ ಎಂದೂ ಹೇಳಿದರು. ಅಂಗಡಿ ಮುಚ್ಚೋಣವೆಂದರೆ ಅವರು ಕೇಳಲಿಲ್ಲ. ಒಂದು ಮಧ್ಯಾಹ್ನ ನನ್ನನ್ನು ಕರೆದು, ಬೆಸುಗೆ ಹಾಕುವ ಐರನ್ನನ್ನು ನನ್ನ ಕೈಗೆ ಕೊಟ್ಟರು.

ಕಲಿಯುವಾಗ ಸಾಕಷ್ಟು ಬೈಸಿಕೊಂಡೆ. ಸೀಸ ಕರಗಿದ ಮೇಲೂ ನಾನು ಐರನ್ನು ಎತ್ತುತ್ತಿರಲಿಲ್ಲ. "ಹೋಳಿಗಿ ಅಲ್ಲ ಇದು, ಎರಡೂ ಮಗ್ಗಲಾ ಬೇಯ್ಲಿ ಅಂತ ಕುಂಡ್ರಾಕ" ಎನ್ನುತ್ತಿದ್ದರು. ಕೊನೆಗೆ ಅವರೇ ಒಂದು ದಾರಿ ಹುಡುಕಿದರು. ನನ್ನ ಬೆನ್ನ ಹಿಂದೆ ಕುರ್ಚಿ ಹಾಕಿಕೊಂಡು ಕೂತು, ಭುಜದ ಮೇಲಿಂದ ನೋಡುತ್ತ "ಇಡು" ಎನ್ನುವರು, ನಾನು ಇಡುವೆ. "ತೆಗಿ" ಎನ್ನುವರು, ಎತ್ತುವೆ. ಎಷ್ಟು ಹೊತ್ತು ಕಾಯಿಸಬೇಕೆಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ನನ್ನ ಕಣ್ಣು ಏನನ್ನೂ ಕಲಿಯಲಿಲ್ಲ. ಕೈ ಮಾತ್ರ ಅವರ ಮಾತು ಕೇಳುವುದನ್ನು ಕಲಿಯಿತು.

ಮೂರು ವರ್ಷ ಹಾಗೆ ನಡೆಯಿತು. ಗಿರಾಕಿ ಹೊರಗೆ ಕೂತರೆ, ಒಳಗೆ ಬೆಳಕು ಚೆನ್ನಾಗಿದೆ ಎಂದು ಹೇಳಿ ಅವರು ಸಾಮಾನು ಎತ್ತಿಕೊಂಡು ಒಳಮನೆಯ ಪರದೆಯ ಹಿಂದೆ ಬರುತ್ತಿದ್ದರು. ಬಳೆಯ ಸದ್ದು ಹೊರಗೆ ಕೇಳಬಾರದೆಂದು ಬಳೆಗಳನ್ನು ಮೊಣಕೈವರೆಗೆ ಸರಿಸಿ, ಹಳೆಯ ಸೀರೆಯ ಚೂರಿನಿಂದ ಕಟ್ಟಿಕೊಳ್ಳುತ್ತಿದ್ದೆ. "ತೆಗಿ" ಎನ್ನುವುದನ್ನೂ ಅವರು ಪಿಸುಮಾತಿನಲ್ಲೇ ಹೇಳುತ್ತಿದ್ದರು.

ಸಿದ್ದಾಪುರದ ಹಿರಿಯ ರೈತರೊಬ್ಬರು ಆಗ ಅಂಗೈಯಷ್ಟು ಚಿಕ್ಕ ರೇಡಿಯೋ ತಂದಿದ್ದರು. ಚಾರ್ಜಿನ ಪಿನ್ನು ಚುಚ್ಚುವ ಸಾಕೆಟ್ಟು ಒಳಗಿನ ಬೋರ್ಡಿನಿಂದ ಕಿತ್ತು ಬಂದಿತ್ತು. ಗದ್ದೆಗೆ ನೀರು ಹಾಯಿಸುವಾಗ ಅದೊಂದೇ ಜೊತೆ ಎಂದರಂತೆ. ಪರದೆಯ ಹಿಂದೆ ಹೊಸ ಸಾಕೆಟ್ಟಿನ ತಂತಿಯಂಥ ಕಾಲುಗಳನ್ನು ನಾನು ಬೆಸೆದು ಕೂರಿಸಿದೆ. ಮುಚ್ಚಳ ಹಾಕುವ ಮೊದಲು ಅಜ್ಜ ಅದನ್ನು ಹೊರಗೊಯ್ದು ತೋರಿಸಿದರು.

"ಇಷ್ಟ್ ವಯಸ್ಸಾದ್ರೂ ನಿಮ್ಮ ಕೈ ಒಂದೀಟೂ ಅಲುಗಾಡಿಲ್ಲ ನೋಡ್ರಿ" ಎಂದು ಆ ರೈತರು ಹೇಳಿದ್ದು ನನಗೆ ಕೇಳಿಸಿತು. ಪರದೆಯ ಸಂದಿಯಿಂದ ನೋಡಿದೆ. ಅಜ್ಜ ನಗುತ್ತಿದ್ದರು, ಎರಡೂ ಕೈ ಮೇಜಿನ ಕೆಳಗಿದ್ದವು.

ಊಟಕ್ಕೆ ಕೂತಾಗ ಅಜ್ಜ ನನ್ನ ಮುಖ ನೋಡಲಿಲ್ಲ. "ಯಾರ ಮುಂದೂ ಅನಬ್ಯಾಡ" ಎಂದರು.

"ನಾ ಯಾರ ಮುಂದ ಮಾತಾಡೀನ್ರಿ?" ಎಂದೆ. ಆಗ ಸ್ವಲ್ಪ ನಕ್ಕರು.

ಅಜ್ಜ ತೀರಿಕೊಂಡಾಗ ಮಾತಾಡಿಸಲು ಬಂದವರೆಲ್ಲ ಅವರ ಕೈಯನ್ನೇ ಹೊಗಳಿದರು. ಕೊನೆಯವರೆಗೂ ಎಂಥ ಕೆಲಸ ಎಂದರು.

ಏಳೆಂಟು ತಿಂಗಳಾದ ಮೇಲೆ ಆ ರೈತರು ಮತ್ತೆ ಬಂದರು. ಅದೇ ರೇಡಿಯೋ. ಚಾರ್ಜಿಗೆ ಹಾಕಿದ್ದಾಗ ಎಮ್ಮೆ ವೈರಿಗೆ ಕಾಲು ಸಿಕ್ಕಿಸಿಕೊಂಡು ಎಳೆದಿತ್ತು. ಅಜ್ಜ ಇಲ್ಲವೆಂಬುದು ಅವರಿಗೆ ಗೊತ್ತಿರಲಿಲ್ಲ. ಕೇಳಿದವರೇ ಕಟ್ಟೆಯ ಮೇಲೆ ಕೂತುಬಿಟ್ಟರು. ಆಮೇಲೆ ರೇಡಿಯೋ ಎತ್ತಿಕೊಂಡು, "ಹಂಗಾರ ಇದು ಹಿಂಗ ಇರ್ಲಿ ಬಿಡ್ರಿ ತಾಯಿ. ಅವರು ಮುಟ್ಟಿದ್ದನ್ನ ಬ್ಯಾರೆದವರ ಕೈಗೆ ಕೊಡಾಂಗಿಲ್ಲ" ಎಂದು ಎದ್ದರು.

ಗಿರಾಕಿಯೊಡನೆ ಎಂದೂ ಮಾತಾಡದವಳು ನಾನು. ಅಂದು ಹೇಗೆ ಬಾಯಿ ಬಂತೋ. "ಇಟ್ಟು ಹೋಗ್ರಿ ಅಣ್ಣಾರ. ಸಂತಿ ದಿನ ಬರ್ರಿ" ಎಂದೆ.

ಪರದೆಯ ಹಿಂದೆ ಕೂತು ಬಳೆ ಸರಿಸಲು ಕೈ ಹಾಕಿದೆ. ಸರಿಸಲು ಏನೂ ಇರಲಿಲ್ಲ. ರೇಡಿಯೋ ಬಿಚ್ಚಿದೆ. ಸಾಕೆಟ್ಟು ಮುರಿದಿತ್ತು, ಬೆಸುಗೆ ಮಾತ್ರ ಬಿಟ್ಟಿರಲಿಲ್ಲ. ಅದನ್ನು ಕರಗಿಸಿ, ಮುರಿದದ್ದನ್ನು ತೆಗೆದು, ಅಜ್ಜನ ಡಬ್ಬಿಯಿಂದ ಹೊಸದನ್ನು ಹುಡುಕಿ ಕೂರಿಸಿದೆ. ಮೊದಲ ಕಾಲಿಗೆ ಐರನ್ನು ಇಟ್ಟೆ. ಸೀಸ ಕರಗಿತು, ಕಾಲಿನ ಸುತ್ತ ಹರಿಯಿತು. ನಾನು ಕಾದೆ. ಹೊಗೆ ಎದ್ದಿತು. ಆಗಲೂ ಕಾಯುತ್ತಲೇ ಇದ್ದೆ. ಬೋರ್ಡು ಸುಟ್ಟ ವಾಸನೆ ಬಂದಾಗಲೇ, ನಾನು ಯಾರ ಮಾತಿಗೆ ಕಾಯುತ್ತಿದ್ದೇನೆಂದು ತಿಳಿದದ್ದು. ಹಿಂದೆ ತಿರುಗಿ ನೋಡಿದೆ. ಕುರ್ಚಿ ಇದ್ದ ಜಾಗದಲ್ಲೇ ಇತ್ತು.

ಬೋರ್ಡಿನ ಮೇಲೆ ಕರೆಂಟು ಹರಿಯುವ ತಾಮ್ರದ ಗೆರೆ ಸುಲಿದು ಎದ್ದಿತ್ತು. ಗಾಬರಿಯಲ್ಲಿ ಅದನ್ನು ಎಡಗೈ ಬೆರಳಿನಿಂದ ಒತ್ತಲು ಹೋದೆ. ಬಲಗೈಯಲ್ಲಿ ಐರನ್ನು ಹಾಗೇ ಇತ್ತು. ನೀವು ಕೇಳಿದ ಕಲೆ ಅದು. ಅಂದು ಅತ್ತದ್ದು ಸುಟ್ಟ ಉರಿಗೋ, ಬೇರೆಯದಕ್ಕೋ, ನನಗೆ ತಿಳಿಯದು. ಅಜ್ಜ ಹೋದ ದಿನವೂ ಅಷ್ಟು ಅತ್ತಿರಲಿಲ್ಲ.

ಮರುದಿನ ಆ ಗೆರೆಯ ಮುಂದಿನ ಭಾಗವನ್ನು ಕೆರೆದು, ಹಳದಿ ವೈರಿನ ತುಂಡಿನಿಂದ ಸಾಕೆಟ್ಟಿನ ಕಾಲಿಗೆ ಜೋಡಿಸಿದೆ. ಐರನ್ನು ಇಟ್ಟಾಗ ಬಾಯಲ್ಲಿ ನಾನೇ "ತೆಗಿ" ಎಂದುಕೊಂಡೆ. ಒಮ್ಮೆ ಬೇಗ ಆಯಿತು, ಒಮ್ಮೆ ತಡವಾಯಿತು. ಬೆಸುಗೆ ಗಂಟುಗಂಟಾಗಿ, ಬೂದಿ ಬಣ್ಣಕ್ಕೆ ನಿಂತಿತು. ಪಿನ್ನು ಚುಚ್ಚಿದರೆ ಕೆಂಪು ದೀಪ ಹತ್ತಿತು.

ಸಂತೆಯ ದಿನ ಅವರು ಬಂದರು. ಹಿಂದಿನ ಮುಚ್ಚಳ ಇನ್ನೂ ಹಾಕಿರಲಿಲ್ಲ. ಹಳದಿ ವೈರು, ಕಪ್ಪಾದ ಜಾಗ ಎಲ್ಲವನ್ನೂ ನೋಡಿ, ಇದನ್ನು ಯಾರ ಕಡೆ ಮಾಡಿಸಿದಿರಿ, ಮೊದಲಿನ ಹಾಗಿಲ್ಲವಲ್ಲ ಎಂದು ಕೇಳಿದರು.

ಎರಡೂ ಬೆಸುಗೆ ನನ್ನವೇ ಎನ್ನಬಹುದಿತ್ತು. ಪರದೆಯ ಈಚೆ ಬಂದು ನಿಂತಿದ್ದೆ, ಮಾತು ನಾಲಿಗೆಯ ಮೇಲಿತ್ತು. ಮೇಜಿನ ಕೆಳಗಿದ್ದ ಆ ಎರಡು ಕೈ ನೆನಪಾದವು.

"ಇದನ್ನ ನಾನು ಮಾಡೀನ್ರಿ" ಎಂದೆ. "ಮೊದಲಿಂದು ಅವರದು."

ಅವರು ರೇಡಿಯೋವನ್ನು ಕೈಗೆ ತೆಗೆದುಕೊಂಡರು. "ಅವರ ಕೈ ಬ್ಯಾರೇನ ಬಿಡ್ರಿ" ಎಂದರು.

"ಹೌದ್ರಿ" ಎಂದೆ.