ಏದುಸಿರು ಬಿಡದ ಬ್ಯಾಟರಿ

ಕರೆಂಟ್ ಹೋದಾಗ ಕೋಡಿಬಾಗದ ಎಲ್ಲರ ಮನೆಯಲ್ಲೂ ಇನ್ವರ್ಟರ್ ದೀಪ ಹತ್ತಿಕೊಂಡರೆ ನಮ್ಮ ಮನೆಯಲ್ಲಿ ಮಾತ್ರ ಕತ್ತಲೆ. ಇನ್ವರ್ಟರ್ ಇರಲಿಲ್ಲವೆಂದಲ್ಲ, ಇತ್ತು. ಅದರ ಬ್ಯಾಟರಿ ಕಾಳಿ ನದಿಗೆ ಮೀನು ಹಿಡಿಯಲು ಹೋಗಿರುತ್ತಿತ್ತು.

ಇದು ಅಪ್ಪನ ಕಾರಭಾರ. ಅಪ್ಪ ಕಾರವಾರ ಬಂದರಿನ ದೊಡ್ಡ ಬೋಟೊಂದರಲ್ಲಿ ತಾಂಡೇಲನಾಗಿದ್ದವನು. ಬೋಟನ್ನೂ ಅದರ ಮೇಲಿನ ಜನರನ್ನೂ ನಡೆಸುವವನೇ ತಾಂಡೇಲ. ಸಮುದ್ರದ ಮೇಲೆ ಅವನ ಮಾತಿಗೆ ಎದುರು ಮಾತಿಲ್ಲ. ಎದುರು ಮಾತೆಲ್ಲ ಮನೆಯಲ್ಲಿ ಕಾದಿರುತ್ತಿತ್ತು. ಆಯಿ, ಅಂದರೆ ನನ್ನ ಅಮ್ಮ, ಮೀನು ಮಾರ್ಕೆಟ್ಟಿನಲ್ಲಿ ಕೂತು, ಚೌಕಾಸಿಗೆ ಬಂದ ಸಾಹೇಬರುಗಳ ಬಾಯಿ ಮುಚ್ಚಿಸಿದವಳು. ನಮ್ಮಲ್ಲಿ ಕನ್ನಡದಲ್ಲಿ ಶುರುವಾದ ಜಗಳ ಬಿಸಿಯೇರಿದಂತೆ ಕೊಂಕಣಿಗೆ ಹೊರಳುತ್ತದೆ. ಇಬ್ಬರ ಸಿಟ್ಟೂ ಸಮಪಾಲಿನಲ್ಲಿ ನನಗೆ ಬಂದಿರುವುದರಿಂದ ಈ ಕತೆಯಲ್ಲಿ ಮೆತ್ತಗಿನವರು ಯಾರೂ ಇಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ.

ಒಂದು ದಿನ ಬಂದರಿನಲ್ಲಿ ಕುಸಿದು ಬಿದ್ದ ಅಪ್ಪನ ಹೃದಯಕ್ಕೆ ಸ್ಟೆಂಟ್ ಹಾಕಿದ ಮೇಲೆ ಡಾಕ್ಟರು ಮೂರು ಮಾತು ಹೇಳಿದರು. ಆಳ ಸಮುದ್ರಕ್ಕೆ ಹೋಗಬಾರದು, ಭಾರ ಎತ್ತಬಾರದು, ಹಗ್ಗ ಎಳೆದು ಶುರು ಮಾಡುವ ಎಂಜಿನ್ನಿನ ತಂಟೆಗೆ ಹೋಗಬಾರದು. ಅಪ್ಪ ಎರಡು ತಿಂಗಳು ಜಗಲಿಯಲ್ಲಿ ಕೂತು ದಾರಿಯಲ್ಲಿ ಹೋಗುವವರ ಸೈಕಲ್ಲಿಗೂ ಸ್ಕೂಟರಿಗೂ ತಪ್ಪು ಹುಡುಕಿದ. ಕೊನೆಗೆ ನನ್ನ ತಮ್ಮನೇ ಬೇಸತ್ತು ಗೋವಾ ಕಡೆಯಿಂದ ಒಂದು ಟ್ರೋಲಿಂಗ್ ಮೋಟರ್ ತಂದುಕೊಟ್ಟ. ಬ್ಯಾಟರಿಯಿಂದ ಓಡುವ, ದೋಣಿಯ ಹಿಂದುಗಡೆ ಕಚ್ಚಿಸಿ ಕೂರಿಸುವ ಪುಟ್ಟ ಮೋಟರ್. ಹಗ್ಗ ಎಳೆಯಬೇಕಿಲ್ಲ, ಎಣ್ಣೆ ಕೇಳುವುದಿಲ್ಲ, ಸದ್ದಂತೂ ಇಲ್ಲವೇ ಇಲ್ಲ.

“ಇದು ಮೋಟರಾ, ಮಿಕ್ಸಿಯಾ?” ಎಂದು ಅಪ್ಪ ಮೂಗು ಮುರಿದ. ಮರುದಿನ ಬೆಳಿಗ್ಗೆ ನೋಡಿದರೆ ಇನ್ವರ್ಟರಿನ ವೈರು ಬಿಚ್ಚಿಟ್ಟು, ನಮ್ಮ ಸಣ್ಣ ಫೈಬರ್ ಪಾತಿ ದೋಣಿಯನ್ನು ತೊಳೆಯುತ್ತಿದ್ದ.

ಇನ್ವರ್ಟರಿನ ಬ್ಯಾಟರಿ ಎಂದರೆ ಸೀಸ, ಆಸಿಡ್ಡು ತುಂಬಿದ ಕಪ್ಪು ಎಮ್ಮೆ. ಅಪ್ಪ ಎತ್ತುವಂತಿಲ್ಲ. ನನ್ನ ತಮ್ಮ ದೊಡ್ಡ ಬೋಟಿನಲ್ಲಿ ದುಡಿಯುವವನು, ಮನೆಯಲ್ಲಿದ್ದ ದಿನ ಮಲಗಿದರೆ ಕಿವಿಯಲ್ಲಿ ಜಾಗಟೆ ಬಡಿದರೂ ಏಳುವುದಿಲ್ಲ. ಹಾಗಾಗಿ ಬಿದಿರಿನ ಗಳಕ್ಕೆ ಬ್ಯಾಟರಿಯನ್ನು ಹಗ್ಗದಲ್ಲಿ ನೇತುಹಾಕಿ, ಮುಂದಿನ ತುದಿಗೆ ಆಯಿಯ ಹೆಗಲು, ಹಿಂದಿನ ತುದಿಗೆ ನನ್ನ ಹೆಗಲು. ನಾನು ಕೆಲಸ ಮಾಡುವುದು ಅಂಕೋಲೆಯಲ್ಲಿ. ಶನಿವಾರ ಸಂಜೆಯ ಬಸ್ಸಿಗೆ ತವರಿಗೆ ಬರುತ್ತೇನೆ. ಅಂದರೆ ಅಪ್ಪನಿಗೆ ವಾರಕ್ಕೊಮ್ಮೆ, ಭಾನುವಾರ ಮಾತ್ರ ಮೀನು. ನಾವಿಬ್ಬರು ಬೆವರು ಸುರಿಸುತ್ತ ಹೊತ್ತು ತರುವಾಗ ಅವನು ಗಾಳದ ಸುರುಳಿಯೊಂದನ್ನೇ ಹಿಡಿದು ಮುಂದೆ ನಡೆಯುತ್ತಿದ್ದ.

“ಎಡಕ್ಕೆ, ಎಡಕ್ಕೆ. ತೆಂಗಿನಮರ ಅದೆ, ಕಾಣೂದಿಲ್ವಾ?”

“ನಿಮ್ಮ ಬೋಟಿನ ಖಲಾಸಿ ಅಲ್ಲ ನಾನು. ಇಲ್ಲೇ ಇಳಿಸ್ತೆ ಈಗ,” ಎಂದು ಆಯಿ. ಅಷ್ಟಕ್ಕೇ ತಾಂಡೇಲ ತಣ್ಣಗಾಗುತ್ತಿದ್ದ. ಆಯಿಗೆ ಬೇಸರ ಬಂದ ವಾರ “ಇವತ್ತು ಹೆಗಲು ನೋವು” ಎಂದರೆ ಮುಗಿಯಿತು, ದೋಣಿ ದಡದಲ್ಲೇ.

ದೋಣಿಯಲ್ಲಿ ಅಪ್ಪನೊಬ್ಬನೇ. ನಮ್ಮ ಕಡೆ ಮೀನಿಗೆ ಹೋಗುವ ದೋಣಿಗೆ ಹೆಂಗಸರು ಕಾಲಿಡುವುದಿಲ್ಲ. ಇಟ್ಟರೆ ಮೀನು ಬೀಳುವುದಿಲ್ಲವಂತೆ. ಹೇಳಿದವರು ಮೀನೋ ಗಂಡಸರೋ ಗೊತ್ತಿಲ್ಲ. ನಾವು ದಡದಲ್ಲಿ ಕೂರುವುದು, ಅಪ್ಪ ಸೇತುವೆಯಿಂದ ಈಚೆ, ಗಾಳಿಮರಗಳ ಸಾಲಿನವರೆಗೆ, ಆಯಿಯ ಕಣ್ಣಳತೆಯಲ್ಲೇ ಸುತ್ತುವುದು. ಅದಕ್ಕಿಂತ ಆಚೆ ಹೋಗಲು ಬ್ಯಾಟರಿಯಲ್ಲಿ ದಮ್ಮೂ ಇರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಮೋಟರು ನಿಧಾನವಾಗಿ ಸೋಲುತ್ತಿತ್ತು, ಪಂಖ ತಿರುಗುವ, ಕಿವಿಗೊಟ್ಟರಷ್ಟೇ ಕೇಳುವ ಗುಯ್ಯೆನ್ನುವ ದನಿ ಇಳಿಯುತ್ತಿತ್ತು.

“ಅದು ಏದುಸಿರು ಬಿಡೂಕೆ ಸುರು ಮಾಡ್ತು ಅಂದ್ರೆ ಮನೆ ಕಡೆ ಮುಖ ಮಾಡೂದು. ಪಾಪ, ಹೇಳೇ ಸಾಯ್ತದೆ ಅದು,” ಎನ್ನುತ್ತಿದ್ದ ಅಪ್ಪ. ಮೀಟರು ಗೀಟರು ಅವನಿಗೆ ಬೇಕಿರಲಿಲ್ಲ. ಎಂಜಿನ್ನಿನ ದನಿ ಕೇಳಿಯೇ ಆಯುಷ್ಯ ಕಳೆದವನು.

ಮಳೆ ಬಿಟ್ಟ ಮೇಲೆ ಒಂದು ಭಾನುವಾರ ದಡದ ಪಾಚಿಯಲ್ಲಿ ಆಯಿ ಕಾಲು ಜಾರಿದಳು. ಬ್ಯಾಟರಿ ವಾಲಿ ಆಸಿಡ್ಡು ಚೆಲ್ಲಿತು, ಹೊಸ ಸೀರೆಯ ಅಂಚಿನಲ್ಲಿ ತೂತು. ಅವಳ ಹೆಗಲು ನೋಡಿದೆ, ಗಳ ಒತ್ತಿ ಒತ್ತಿ ಕಪ್ಪಗಾಗಿತ್ತು. ನನಗೆ ಸಿಟ್ಟು ನೆತ್ತಿಗೇರಿತು. ಅಂಕೋಲೆಗೆ ಹೋದವಳೇ ವಿಚಾರಿಸಿ, ಹುಬ್ಬಳ್ಳಿಯಿಂದ ಲಿಥಿಯಂ ಬ್ಯಾಟರಿ ತರಿಸಿದೆ. ಬೆಲೆ ಕೇಳಬೇಡಿ, ನನ್ನ ಗಂಡನಿಗೂ ನಾನು ಹೇಳಿಲ್ಲ.

ಶನಿವಾರ ಅದನ್ನು ಒಂದೇ ಕೈಯಲ್ಲಿ ಹಿಡಿದು ಬಸ್ಸಿನಿಂದಿಳಿದಾಗ ನನಗೆ ನಾನೇ ಮೆಚ್ಚುಗೆ. ಆಯಿ ಎತ್ತಿ ನೋಡಿದಳು, ಅಲ್ಲಾಡಿಸಿ ನೋಡಿದಳು.

“ಒಳಗೆ ಎಂತಾದ್ರೂ ಅದೆಯಾ, ಅಂಗಡಿಯವ ಖಾಲಿ ಡಬ್ಬಿ ಕೊಟ್ಟು ಕಳ್ಸಿದ್ನಾ?”

“ಅದೆ ಆಯಿ. ಹಳೇದಕ್ಕಿಂತ ಜಾಸ್ತಿ ಹೊತ್ತು ಬತ್ತದೆ.”

“ನೀರು ಹಾಕೂ ಬಾಯಿ ಎಲ್ಲಿ?”

“ಇದಕ್ಕೆ ನೀರು ಬ್ಯಾಡ.”

“ನೀರು ಕುಡೀದೆ ದುಡಿಯೂದು ನಾ ಎಲ್ಲೂ ಕಾಣ್ಲಿಲ್ಲಪ್ಪ.”

ಅಪ್ಪ ಬಂದ. ಹಿಡಿಕೆಗೆ ಕೈ ಹಾಕಿ ಎತ್ತಿದ. ಎತ್ತಿದ್ದನ್ನು ಇಳಿಸಲೇ ಇಲ್ಲ. ಅಂಗಳದಲ್ಲಿ ಒಂದು ಸುತ್ತು ಹಾಕಿ ಬಂದ. ಡಾಕ್ಟರು ಬೇಡವೆಂದ ಭಾರದ ಲೆಕ್ಕಕ್ಕೆ ಇದು ಬರುವುದೇ ಇಲ್ಲ ಎಂದು ನಮ್ಮಿಬ್ಬರಿಗೂ ಮತ್ತೆ ಮತ್ತೆ ಹೇಳಿದ. ಬ್ಯಾಟರಿಯಲ್ಲಿ ಎಷ್ಟು ಉಳಿದಿದೆಯೆಂದು ತೋರಿಸುವ ಆ್ಯಪನ್ನು ಅವನ ಫೋನಿಗೆ ಹಾಕಿಕೊಟ್ಟೆ. ಆಯ್ತು, ಆಯ್ತು ಎಂದ. ಅವನ ಮುಖ ಅಷ್ಟು ಅರಳಿದ್ದನ್ನು ಆಸ್ಪತ್ರೆಯಿಂದ ಬಂದ ಮೇಲೆ ನಾನು ಕಂಡಿರಲಿಲ್ಲ, ನನಗೆ ಕಣ್ಣು ತುಂಬಿ ಬಂತು.

ಒಳಗೆ ಹೋದರೆ ಆಯಿ ಮೀನು ಕೊಯ್ಯುತ್ತಿದ್ದಳು. ಅವಳ ಕೈಯಲ್ಲಿನ ರಭಸ ನೋಡಿಯೇ ಏನೋ ಸರಿಯಿಲ್ಲ ಎಂದು ತಿಳಿಯಿತು.

“ಎಂತ ಆಯ್ತು? ಇನ್ನು ಹೊರೂದು ತಪ್ತಲ್ಲ ನಿಂಗೆ.”

“ಭಾರ ಅಂತ ನಾ ಹೇಳಿದ್ನಾ?” ಎಂದಳು.

ನನಗೆ ಆಗ ಹೊಳೆಯಿತು. ಆ ಕಪ್ಪು ಎಮ್ಮೆಯೇ ಅವಳ ಬೀಗವಾಗಿತ್ತು. ಅವಳ ಹೆಗಲಿಲ್ಲದೆ ಅಪ್ಪ ನೀರಿಗಿಳಿಯುವಂತಿರಲಿಲ್ಲ. ಇಳಿದರೂ ಕಣ್ಣಳತೆ ದಾಟುವಂತಿರಲಿಲ್ಲ. ಆ ಬೀಗದ ಕೀಲಿಯನ್ನು ನಾನು ಹುಬ್ಬಳ್ಳಿಯಿಂದ ತರಿಸಿ, ಬಣ್ಣದ ಪೆಟ್ಟಿಗೆಯಲ್ಲಿಟ್ಟು ಅಪ್ಪನ ಕೈಗೇ ಕೊಟ್ಟಿದ್ದೆ. ಒಬ್ಬನೇ ಹೋಗಿ, ಯಾರಿಗೂ ಕಾಣದ ಕಡೆ ಎದೆ ಹಿಡಿದುಕೊಂಡು ಕುಸಿದರೆ? ಅವಳ ಭಯ ಇಷ್ಟೇ. ಅದನ್ನು ಬಾಯಿಬಿಟ್ಟು ಹೇಳುವ ಜಾಯಮಾನ ಅವಳದಲ್ಲ.

ಸೋಮವಾರವೇ ಅಪ್ಪ ಹೋದ. ಮಂಗಳವಾರವೂ ಹೋದ. ಹಳೆ ಬ್ಯಾಟರಿ ದೋಣಿಯ ಮೂತಿಯ ಕಡೆ ಕೂರುತ್ತಿತ್ತು. ಆ ಭಾರ ತಪ್ಪಿ ಮೂತಿ ಮೇಲೆದ್ದಿತು ಎಂದು ಅಲ್ಲಿಗೆ ಎರಡು ಚಿರೆಕಲ್ಲು ಇಟ್ಟುಕೊಂಡ. ಗಾಳಿಮರಗಳ ಸಾಲನ್ನೂ ದಾಟಿ ದೇವಬಾಗದ ಕಡೆ, ನದಿ ಸಮುದ್ರ ಸೇರುವ ಅಳಿವೆಯ ಹತ್ತಿರ ಹೋಗಿ ಬುಟ್ಟಿ ತುಂಬ ನೋಗ್ಲಿ ತಂದ. ಮಂಗಳೂರಿನವರು ಕಾಣೆ ಎನ್ನುತ್ತಾರಲ್ಲ, ಅದೇ ಮೀನು. ದಿನಾ ರಾತ್ರಿ ನನಗೆ ಫೋನು ಮಾಡಿ, ಹಿಡಿದ ಮೀನಿನ ಉದ್ದ ಹೇಳುತ್ತಿದ್ದ. ಆಯಿ ಫೋನಿಗೆ ಬರುತ್ತಿರಲಿಲ್ಲ.

ಒಂದು ದಿನ ಆಫೀಸಿನಲ್ಲಿದ್ದಾಗ ಆಯಿಯ ಫೋನು ಬಂತು. “ನಿನ್ನ ಅಪ್ಪ ಬರ್ಲಿಲ್ಲ. ಬಿಸಿಲೇರ್ತು. ಫೋನು ಅಕ್ಕಿ ಡಬ್ಬಿಯಲ್ಲೇ ಅದೆ.” ಉಪ್ಪುನೀರು ತಾಗಿ ಹಾಳಾಗಬಾರದೆಂದು ಅಪ್ಪ ಫೋನನ್ನು ಡಬ್ಬಿಯಲ್ಲಿಟ್ಟು ಹೋಗುತ್ತಿದ್ದನಂತೆ, ನಾನು ಹಾಕಿಕೊಟ್ಟ ಆ್ಯಪಿನ ಸಮೇತ. ಹೇಗೆ ಬಸ್ಸು ಹತ್ತಿದೆನೋ ಗೊತ್ತಿಲ್ಲ. ದಾರಿಯುದ್ದಕ್ಕೂ ಸಮುದ್ರ ಕಂಡಾಗಲೆಲ್ಲ ಕಣ್ಣು ಮುಚ್ಚಿಕೊಂಡೆ. ನಾನೇ ಕೊಂದೆ, ನಾನೇ ಕೊಂದೆ ಎಂಬುದೊಂದೇ ತಲೆಯಲ್ಲಿ.

ದಡಕ್ಕೆ ಓಡಿ ಬಂದರೆ, ಪ್ರವಾಸಿಗರನ್ನು ದೇವಬಾಗಕ್ಕೆ ಕರೆದೊಯ್ಯುವ ಬೋಟೊಂದು ನಮ್ಮ ಪಾತಿಯನ್ನು ಹಗ್ಗ ಕಟ್ಟಿ ಎಳೆದು ತರುತ್ತಿತ್ತು. ಕಿತ್ತಳೆ ಜಾಕೆಟ್ಟಿನ ಮಂದಿ ಬಗ್ಗಿ ಬಗ್ಗಿ ವಿಡಿಯೋ ಮಾಡುತ್ತಿದ್ದರು. ಹಿಂದೆ ಪಾತಿಯಲ್ಲಿ ನಮ್ಮ ತಾಂಡೇಲ, ಮುಖವನ್ನು ಗೋವಾದ ಕಡೆ ತಿರುಗಿಸಿಕೊಂಡು ಕೂತಿದ್ದ. ನನಗೆ ನಗು ಬಂತು, ಅದರ ಬೆನ್ನಿಗೇ ಅಳು ಬಂತು.

“ಒಂದು ಮಾತೂ ಹೇಳ್ಲಿಲ್ಲ ಮಗಾ ಅದು,” ಎಂದ ಅಪ್ಪ, ಮೊಣಕಾಲುದ್ದದ ನೀರಿಗೆ ಇಳಿಯುತ್ತ. “ಏದುಸಿರು ಬಿಡ್ತದೆ, ಆಗ ತಿರುಗಿದ್ರಾಯ್ತು ಅಂತ ಇದ್ದೆ. ಓಡ್ತಾ ಓಡ್ತಾ ಸತ್ತೇ ಹೋಯ್ತು.”

ಲಿಥಿಯಂ ಬ್ಯಾಟರಿಯ ಗುಣವೇ ಅದು. ಕೊನೆಯವರೆಗೂ ಜೋರು ಕಡಿಮೆಯಾಗುವುದಿಲ್ಲ; ಮುಗಿದಾಗ ಒಮ್ಮೆಲೇ ಬಂದ್. ಅಂಗಡಿಯವನು ಇದನ್ನು ಒಳ್ಳೆಯ ಗುಣವೆಂದೇ ನನಗೆ ಮಾರಿದ್ದ. ಅಪ್ಪ ಹೊಸ ಬ್ಯಾಟರಿಯಲ್ಲಿ ಹಳೆಯದರ ದನಿಗೆ ಕಿವಿಗೊಟ್ಟು ಕೂತಿದ್ದ. ಇಳಿತದ ನೀರು ಅಳಿವೆಯ ಕಡೆ ಎಳೆಯಲು ಶುರು ಮಾಡಿದಾಗ ಹುಟ್ಟು ಹಾಕಹೋಗದೆ, ಲಂಗರು ಬಿಟ್ಟು ಸುಮ್ಮನೆ ಕೂತಿದ್ದನಂತೆ. ಅಷ್ಟು ಬುದ್ಧಿ ದೇವರು ಕೊಟ್ಟಿದ್ದ.

ಆಯಿ ಬೈಯುತ್ತಾಳೆಂದು ನಾವಿಬ್ಬರೂ ತಲೆ ತಗ್ಗಿಸಿ ನಿಂತೆವು. ಅವಳು ಬೈಯಲಿಲ್ಲ.

“ನೀವು ಮತ್ತೆಂತ ಮಾಡಿದ್ರಿ ಆವತ್ತು?” ಎಂದಳು. “ಬಂದರಿನಲ್ಲಿ ನಗ್ತಾ ನಗ್ತಾ ಮಾತಾಡ್ತಿದ್ರಿ. ಮಾತು ಪೂರಾ ಆಗೂಕಿಲ್ಲ, ಬಿದ್ರಿ. ನಂಗೆ ಒಂದು ಸುಳಿವು ಕೊಟ್ರಾ?”

ಅಪ್ಪ ದೋಣಿಯನ್ನು ದಡಕ್ಕೆ ಕಟ್ಟಿದ. ಬ್ಯಾಟರಿಯ ಹಿಡಿಕೆ ಹಿಡಿದು ಮನೆಯ ಕಡೆ ನಡೆದ.

ನಾನು ರಜೆ ಹಾಕಿ ಅಲ್ಲೇ ಉಳಿದೆ. ಮರುದಿನ ಬೆಳಿಗ್ಗೆ ಅಪ್ಪ ಮುಖ ಸಪ್ಪಗೆ ಮಾಡಿಕೊಂಡು ದೋಣಿಯನ್ನು ಮೇಲಕ್ಕೆಳೆದು ಕವುಚಿ ಹಾಕಲು ಹೊರಟ. ಮೋಟರು ತಮ್ಮನಿಗೆ ವಾಪಸು ಕೊಡುತ್ತೇನೆಂದ. ನಾನೂ ಹೂಂ ಎಂದೆ. ಅಷ್ಟರಲ್ಲಿ ಆಯಿ ಸೀರೆಯ ನೆರಿಗೆ ಎತ್ತಿ ಕಟ್ಟಿಕೊಂಡು ಬಂದಳು. ಪಾತಿಯ ಮೂತಿಯಲ್ಲಿದ್ದ ಚಿರೆಕಲ್ಲನ್ನು ಎತ್ತಿ ದಡಕ್ಕೆ ಎಸೆದಳು. ಇನ್ನೊಂದನ್ನೂ ಎಸೆದಳು. ಹತ್ತಿ, ಆ ಜಾಗದಲ್ಲಿ ಗಟ್ಟಿಯಾಗಿ ಕೂತಳು. ಮದುವೆಯಾಗಿ ಬಂದಾಗಿನಿಂದ ಅವನು ಹಿಡಿದ ಮೀನು ಮಾರಿದವಳು, ಅವನ ದೋಣಿಯಲ್ಲಿ ಕೂತದ್ದು ಅದೇ ಮೊದಲು.

“ಏ, ಇಳಿ. ಮೀನು ಬೀಳೂದಿಲ್ಲ,” ಎಂದ ಅಪ್ಪ.

“ಬೀಳದಿದ್ರೆ ಬ್ಯಾಡ. ಮಾರ್ಕೆಟ್ಟಿನಿಂದ ತಕಂಡು ಬರುವಾ.”

“ಕಂಡವರು ಎಂತ ಹೇಳ್ತಾರೆ?”

“ನಿನ್ನೆ ಹಗ್ಗ ಕಟ್ಟಿ ಎಳ್ಕಂಡು ಬಂದ್ರಲ್ಲ, ಆಗ ಎಂತ ಹೇಳಿದ್ರು?” ಎಂದು ಅಪ್ಪನ ಫೋನನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿದಳು. “ಬ್ಯಾಟರಿ ಎಷ್ಟದೆ ಅಂತ ನಾ ನೋಡ್ತೆ. ಅರ್ಧ ಅಂದ್ರೆ ತಿರುಗೂದು.”

ಮೋಟರು ಸದ್ದಿಲ್ಲದ್ದಾದ್ದರಿಂದ ಅವರ ಜಗಳ ನೀರಿನ ಮೇಲೆ ಬಹಳ ದೂರದವರೆಗೂ ದಡಕ್ಕೆ ಕೇಳಿಸಿತು. ಗಾಳಿಮರದ ಹತ್ತಿರ ಹೋಗುವಷ್ಟರಲ್ಲಿ ಕೊಂಕಣಿಗೆ ಹೊರಳಿತ್ತು. ಆಮೇಲೆ ಆಯಿಯ ನಗು ಕೇಳಿತು. ವಾಪಸು ಬಂದಾಗ ದೊಡ್ಡದೊಂದು ನೋಗ್ಲಿ ಅವಳ ಗಾಳಕ್ಕೇ ಬಿದ್ದಿತ್ತು; ಈ ವಿಷಯ ಅಪ್ಪ ಇವತ್ತಿಗೂ ಯಾರೆದುರೂ ಎತ್ತುವುದಿಲ್ಲ.

ಈಗ ನಾನು ಭಾನುವಾರ ಹೋದರೆ ನನಗೆ ಹೊರುವ ಕೆಲಸವಿಲ್ಲ, ಅನ್ನಕ್ಕಿಡುವ ಕೆಲಸವಿದೆ. ಮೊನ್ನೆ ಬೆಳಿಗ್ಗೆ ಅಪ್ಪ ನೀರಿನಲ್ಲಿ ನಿಂತು ದೋಣಿ ಹಿಡಿದುಕೊಂಡಿದ್ದ. ಆಯಿ ಒಳಗೆ ಅವಲಕ್ಕಿ ಕಟ್ಟಿಕೊಳ್ಳುತ್ತ ತಡ ಮಾಡುತ್ತಿದ್ದಳು. ನೀರು ಆಗಲೇ ಇಳಿಯತೊಡಗಿತ್ತು. ನೀರು ಯಾರಿಗೂ ಕಾಯುವುದಿಲ್ಲ ಎಂದು ಗದರಿಸಿ, ಊಟದ ಮಧ್ಯದಿಂದ ಖಲಾಸಿಗಳನ್ನು ಎಬ್ಬಿಸಿಕೊಂಡು ಹೋಗುತ್ತಿದ್ದ ಮನುಷ್ಯ ಇವನು.

“ಅಪ್ಪಾ, ಇಳಿತ ಸುರುವಾಯ್ತು. ಇವತ್ತೊಂದಿನ ನೀನೊಬ್ನೇ ಹೋಗಿ ಬಾ,” ಎಂದೆ.

“ಹೋದ್ರೆ ಹೋಗ್ಲಿ,” ಎಂದ. “ನೀರು ಮತ್ತೆ ಬತ್ತದೆ.” ಹಾಗೆಂದು ಮನೆಯ ಬಾಗಿಲನ್ನೇ ನೋಡುತ್ತ ನಿಂತ.