ಪಾನಕ ಕುಡಿದು ಎಣಿಸಿದ ಒದೆತಗಳು

ಅನುಭವಿಸಿದವಳು ನನ್ನ ಮಗಳು. ಐದು ತಿಂಗಳು ತುಂಬಿದರೂ ಕತ್ತು ನಿಲ್ಲದೆ ನನ್ನ ಹೆಗಲ ಮೇಲೆ ತಲೆ ಜೋಲುಹಾಕಿ ಮಲಗಿದ್ದವಳು ಅವಳು. ತಪ್ಪು ಮಾಡಿದವರು ದೊಡ್ಡವರು. ಅವರಲ್ಲಿ ನಾನೂ ಒಬ್ಬಳು.

ಅವಳು ಹೊಟ್ಟೆಯಲ್ಲಿದ್ದ ಆರನೆಯ ತಿಂಗಳಲ್ಲಿ ಶುಗರ್ ಪರೀಕ್ಷೆಗೆಂದು ತಾಲ್ಲೂಕಿನ ಒಂದು ಆರೋಗ್ಯ ಕೇಂದ್ರಕ್ಕೆ ಹೋಗಿದ್ದೆ. ಗ್ಲೂಕೋಸ್ ನೀರು ಕುಡಿದು, ಎರಡು ಗಂಟೆ ಕಾದು, ರಕ್ತ ಕೊಡಬೇಕಿತ್ತು. ನರ್ಸ್ ಗಡಿಯಾರ ನೋಡಿದರು.

"ನಿಮ್ ಕೊಣನೂರು ಬಸ್ಸು ತಪ್ಪಿದ್ರೆ ಇನ್ನು ಸಂಜೆಗೇ ಕಣಕ್ಕ. ಈ ಕಡ್ಡಿ ಮೈಗೆ ಶುಗರ್ ಎಲ್ಲಿಂದ ಬತ್ತದೆ?"

ರಕ್ತ ತೆಗೆಯದೆಯೇ ತಾಯಿ ಕಾರ್ಡಿನಲ್ಲಿ 'ನಾರ್ಮಲ್' ಎಂದು ಬರೆದರು. ರಕ್ತಹೀನತೆಯ ಬಗ್ಗೆ ಊರೂರಿನಲ್ಲಿ ಭಾಷಣ ಮಾಡುತ್ತಿದ್ದ ನಾನು ಆ ಸುಳ್ಳನ್ನು ಬ್ಯಾಗಿಗೆ ಹಾಕಿಕೊಂಡು ಬಸ್ಸು ಹತ್ತಿದೆ.

ಎಂಟನೆಯ ತಿಂಗಳಲ್ಲಿ ಬಯಕೆ ಊಟ. ಬೀದಿಯ ಪ್ರತಿ ಮನೆಯವರೂ ಸರದಿಯಂತೆ ಕರೆದು ಕಜ್ಜಾಯ, ಒಬ್ಬಟ್ಟು ಬಡಿಸಿದರು, ಬೇಡವೆಂದರೆ ಮುನಿಸು. ಅದೇ ವಾರ ಮಗುವಿನ ಅಲುಗಾಟ ಕಡಿಮೆಯಾಯಿತು. ಅತ್ತೆಗೆ ಹೇಳಿದೆ.

"ಒಂದ್ ಲೋಟ ಬೆಲ್ಲದ ಪಾನಕ ಕುಡ್ದು ಎಡಕ್ಕೆ ಮಗ್ಗುಲಾಗವ್ವ. ಎಂಗೆ ಒದೀತದೆ ನೋಡು."

ಮಗು ಒದೆಯಿತು. "ನೋಡ್ದಾ? ಸೋಮಾರಿ ಕಣವ್ವ, ಅವ್ರಪ್ಪನಂಗೇಯ," ಎಂದು ಅತ್ತೆ ನಕ್ಕರು. ನಾನೂ ನಕ್ಕೆ. ಹತ್ತು ದಿನ ಹೀಗೆ ಪಾನಕ ಕುಡಿದು ಒದೆತ ಎಣಿಸಿದೆ. ಕೇಂದ್ರಕ್ಕೆ ಫೋನ್ ಮಾಡಿದಾಗಲೂ ಅದೇ ಮಾತು: ಸಿಹಿ ತಿಂದು ಎಣಿಸಿ. ಶುಗರ್ ಪರೀಕ್ಷೆ ನಿಜವಾಗಿಯೂ ಆಗಿದೆಯೇ ಎಂದು ಒಬ್ಬರೂ ಕೇಳಲಿಲ್ಲ.

ಹನ್ನೊಂದನೆಯ ದಿನ ಪಾನಕಕ್ಕೂ ಮಗು ಅಲುಗಲಿಲ್ಲ. ಹಾಸನದ ಆಸ್ಪತ್ರೆಯಲ್ಲಿ ಮಿತಿ ಮೀರಿದ್ದ ನನ್ನ ಶುಗರ್ ನೋಡಿದ ವೈದ್ಯೆ ಕಾರ್ಡನ್ನು ಎರಡು ಬಾರಿ ತಿರುಗಿಸಿ ನೋಡಿದರು. "ಇದನ್ನ ಬರೆದವರು ಯಾರು?" ಅಂದೇ ಶಸ್ತ್ರಚಿಕಿತ್ಸೆ ಮಾಡಿ ಮಗುವನ್ನು ಹೊರತೆಗೆದರು. ಮಗು ದಪ್ಪಗಿತ್ತು, ಆದರೆ ಹುಟ್ಟಿದ ಸ್ವಲ್ಪ ಹೊತ್ತಿನಲ್ಲೇ ಅದರ ರಕ್ತದ ಸಕ್ಕರೆ ಕುಸಿದು, ಆರು ದಿನ ಗಾಜಿನ ಪೆಟ್ಟಿಗೆಯಲ್ಲಿ ಇಡಬೇಕಾಯಿತು. ನೋಡಬಂದವರು "ಗುಂಡ್‌ಗುಂಡಾಗವ್ಳೆ, ದೃಷ್ಟಿ ತೆಗೀರಿ" ಎಂದರು. ಕತ್ತು ನಿಲ್ಲದಿದ್ದಾಗಲೂ ಅದೇ ಸಮಾಧಾನ: ದಪ್ಪ ಮಗು, ಎಲ್ಲವೂ ನಿಧಾನ.

ಇದಕ್ಕೆಲ್ಲ ನನ್ನ ಶುಗರ್ ಒಂದೇ ಕಾರಣ ಎಂದು ವೈದ್ಯೆ ಹೇಳಲಿಲ್ಲ. ಮೊದಲೇ ತಿಳಿದಿದ್ದರೆ ಸಕ್ಕರೆಯನ್ನು ಹತೋಟಿಗೆ ತರಬಹುದಿತ್ತು ಎಂದರು. ಆ ಮಾತು ಸಾಕು, ನನಗೆ ಇಂದಿಗೂ ರೇಗುತ್ತದೆ. ವಾರಕ್ಕೆರಡು ಸಲ ಅವಳನ್ನು ವ್ಯಾಯಾಮಕ್ಕೆಂದು ಹಾಸನಕ್ಕೆ ಕರೆದೊಯ್ಯುತ್ತೇನೆ. ಒಂದೂವರೆ ವರ್ಷಕ್ಕೆ ಈಗ ಗೋಡೆ ಹಿಡಿದು ನಿಲ್ಲುತ್ತಾಳೆ.

ತಾಲ್ಲೂಕು ಆರೋಗ್ಯಾಧಿಕಾರಿಗಳೇ, ಪರೀಕ್ಷೆ ಮಾಡದಿದ್ದರೆ ಕಾರ್ಡಿನ ಆ ಜಾಗ ಖಾಲಿಯೇ ಇರಲಿ. ಎರಡು ಗಂಟೆ ಕಾದ ಮೇಲೂ ಬಸ್ಸು ಸಿಗುವಂತೆ ಪರೀಕ್ಷೆಯ ದಿನ ಬೆಳಗ್ಗೆ ಎಂಟಕ್ಕೇ ಕೇಂದ್ರದ ಬಾಗಿಲು ತೆರೆಸಿ. ಅಲುಗಾಟ ಕಡಿಮೆಯಾಗಿದೆ ಎಂದು ಬಂದವಳಿಗೆ ಸಿಹಿ ತಿನ್ನಲು ಹೇಳುವ ಮೊದಲು ಅವಳ ಶುಗರ್ ನೋಡಬೇಕೆಂದು ಲಿಖಿತ ಆದೇಶ ಹೊರಡಿಸಿ.