ಒಂಟಿ ಸೀನು

ಅವತ್ತು ನನಗೆ ಸೀನು ಬಂದಿರಲಿಲ್ಲ, ವಿನುತಾ. ಬರಿಸಿಕೊಂಡೆ.

ನಿನ್ನೆ ಸಂಜೆ ಅಡುಗೆಮನೆಯಲ್ಲಿ ನನ್ನ ಬಾಯಿಂದ ಹೊರಟದ್ದು ಇಷ್ಟೇ. ಇಷ್ಟಕ್ಕೇ ನಮ್ಮ ಮಗಳು ಇಳಾ ಹುಟ್ಟಿ, ಬೆಳೆದು, ನನ್ನ ಭುಜಕ್ಕೆ ಬರುವಷ್ಟು ಕಾಲ ಹಿಡಿಯಿತು. ಉಳಿದದ್ದು — ಯಾಕೆ ಸೀನಿದೆ, ಆಮೇಲೆ ಏನು ಮಾಡಿದೆ, ಇಷ್ಟು ವರ್ಷ ಒಳಗೊಳಗೇ ಏನು ಹಾರೈಸುತ್ತ ಕೂತಿದ್ದೆ — ಯಾವುದನ್ನೂ ಹೇಳಲಿಲ್ಲ. ನೀನೀಗ ರೈಲಿನಲ್ಲಿದ್ದೀಯ. ಇಳಾ ಗೆಳತಿಯ ಮನೆಗೆ ಹೋಗಿದ್ದಾಳೆ. ಖಾಲಿ ಮನೆಯಲ್ಲಿ ಹೇಳಿಕೊಳ್ಳುವುದು ಹೇಡಿಯ ಕೆಲಸ, ಗೊತ್ತು. ಆದರೂ ಹೇಳುತ್ತೇನೆ, ನೀನು ಬಂದಮೇಲೆ ಇದನ್ನೇ ಇನ್ನೊಮ್ಮೆ ನಿನ್ನೆದುರು ಹೇಳಬೇಕಾಗಿದೆ, ಆಗ ನಾಲಿಗೆ ತಡವರಿಸಬಾರದು.

ಆಗ ನಾವು ಟೊರಾಂಟೋ ಪಕ್ಕದ ಇದೇ ಸ್ಟೌಫ್‌ವಿಲ್‌ನಲ್ಲಿ, ರೈಲು ಹಳಿಯ ಆಚೆ ಬದಿಯ ಒಂದು ಮನೆಯ ಬೇಸ್‌ಮೆಂಟಿನಲ್ಲಿದ್ದೆವು. ಮದುವೆಯಾಗಿ ಮೈಸೂರಿನಿಂದ ಬಂದ ಹೊಸದು. ಇಬ್ಬರಿಗೂ ಸಾಫ್ಟ್‌ವೇರ್ ಕೆಲಸ. ಸಂಜೆ ಬಂದವಳೇ ನೀನು ಕಂಬಳಿ ಹಾಸಿ, ಚಕ್ಕಳಮಕ್ಕಳ ಹಾಕಿ ಕೂತು, ಫೋನಿನಲ್ಲಿ ಶ್ರುತಿ ಹಚ್ಚಿಕೊಂಡು ಪಿಟೀಲು ಎತ್ತಿಕೊಳ್ಳುತ್ತಿದ್ದೆ. ಈ ದೇಶದ ಮನೆಗಳಲ್ಲಿ ಬಿಸಿಗಾಳಿ ಹರಿಯಲು ಗೋಡೆಯೊಳಗೆ ತಗಡಿನ ಕೊಳವೆ ಇರುತ್ತದಲ್ಲ — ಕೆಳಗೆ ನಾವು ಒಗ್ಗರಣೆ ಹಾಕಿದರೆ ಮೇಲಿನವರಿಗೆ ಕೆಮ್ಮು, ಮೇಲಿನವರು ಜಗಳವಾಡಿದರೆ ನಮಗೆ ಪುಕ್ಕಟೆ ನಾಟಕ. ಆ ಕೊಳವೆಯಲ್ಲೇ ಒಂದು ರಜೆಯ ಮಧ್ಯಾಹ್ನ ನಿನ್ನ ನೀಲಾಂಬರಿ ರಾಗ ಮೇಲಕ್ಕೆ ಹತ್ತಿತು.

ಮೇಲೆ ಹಾಲಿನ ನೆಲದ ಮೇಲೆ ನೋರಾ ಮಲಗಿದ್ದಳು. ಮನೆಯೊಡತಿಯ ತಂಗಿಯ ಮಗಳು, ಗಡಿಯಾಚೆ ಅಮೆರಿಕದ ಬಫೆಲೋದವಳು. ಅವಳದೊಂದು ಬ್ಯಾಂಡು — ಲಾಂಡ್ರಿ ವೆದರ್. ನೀನು ಆ ಹೆಸರು ಕೇಳಿ ನಕ್ಕು, ಬಟ್ಟೆ ಒಣಗೋ ಬಿಸಿಲು ಅಂತ ಕನ್ನಡ ಮಾಡಿದೆ. ಅಂದಿನಿಂದ ನಮ್ಮ ಮನೆಯಲ್ಲಿ ಅವರು ಬಟ್ಟೆಯವರು. ದೊಡ್ಡ ಕಂಪನಿಯ ಹಂಗಿಲ್ಲದೆ ತಾವೇ ಹಾಡು ಕಟ್ಟಿ, ತಾವೇ ರೆಕಾರ್ಡು ಮಾಡಿ, ತಾವೇ ವ್ಯಾನು ಓಡಿಸಿಕೊಂಡು ಊರೂರು ಸುತ್ತುವ ಜನ. ಟೊರಾಂಟೋದಲ್ಲಿ ಹಾಡುವುದಿದ್ದರೆ ಈ ಹಾಲೇ ಅವರ ಛತ್ರ. ನಿದ್ದೆಗಣ್ಣಿನಲ್ಲಿದ್ದ ನೋರಾಳಿಗೆ ಗೋಡೆಯೇ ಹಾಡಿದ ಹಾಗಾಯಿತಂತೆ. ಕನಸೋ ನಿಜವೋ ನೋಡೋಣವೆಂದು ಬರಿಗಾಲಲ್ಲಿ ಮೆಟ್ಟಿಲಿಳಿದು ಬಂದು ನಮ್ಮ ಬಾಗಿಲು ತಟ್ಟಿದಳು.

ಆಮೇಲೆ ಒಂದು ಭಾನುವಾರ ಆ ಹಾಲಿನಲ್ಲೇ ನಿನ್ನ ಪಿಟೀಲು ಸೇರಿಸಿ ತಮ್ಮದೊಂದು ಹಾಡನ್ನು ರೆಕಾರ್ಡು ಮಾಡಿದರು. ಹೊರಗಿನ ಸದ್ದು ಬಾರದಿರಲೆಂದು ಕಿಟಕಿಗೆಲ್ಲ ರಜಾಯಿ ಕಟ್ಟಿದ್ದರು. ಒಳಗೆ ಹಗಲಲ್ಲೇ ಮಬ್ಬು, ರಜಾಯಿಯ ಹೂಗಳ ಮೂಲಕ ಬರುವ ಕೆಂಪು ಬೆಳಕು. ಡ್ರಮ್ಮಿಗೂ ಸೋಫಾಗೂ ನಡುವೆ ನೀನು ನೆಲದ ಮೇಲೆ ಕೂತಿದ್ದೆ. ನೋರಾ ಹಾಡಿ ನಿಲ್ಲಿಸಿದಲ್ಲಿ ನೀನು ನಿನ್ನ ಅಜ್ಜಿಯ ನೀಲಾಂಬರಿಯ ಎಳೆಯನ್ನು ಶುರುಮಾಡಿದೆ — ನಿನ್ನನ್ನು ಮಲಗಿಸುವಾಗ ಅವರು ಗುನುಗುತ್ತಿದ್ದದ್ದು, ಮೇಲಿನಿಂದ ನಿಧಾನ ಜಾರಿ, ಇನ್ನೇನು ನಿಂತಿತು ಅನ್ನುವಾಗ ಮತ್ತೆ ತೇಲುವುದು. ನಾನು ಮೆಟ್ಟಿಲ ಮೇಲೆ ಕೂತಿದ್ದೆ. ನಿನ್ನ ಮುಖ... ಅಂಥ ಮುಖವನ್ನು ನಾನು ನಮ್ಮ ಮದುವೆ ಮಂಟಪದಲ್ಲೂ ಕಂಡಿರಲಿಲ್ಲ. ನನ್ನ ಹೊಟ್ಟೆ ಉರಿಯಿತು. ಯಾವ ಗಂಡಸಿನ ಮೇಲೂ ಅಲ್ಲ. ನಾನಿಲ್ಲದೆಯೂ ನೀನು ಅಷ್ಟು ಸುಖವಾಗಿರಬಲ್ಲೆ ಎಂಬುದರ ಮೇಲೆ.

ಅವರು ನಿನ್ನನ್ನು ತಿರುಗಾಟಕ್ಕೆ ಕರೆದರು. ಒಂದೂವರೆ ತಿಂಗಳು, ಅಮೆರಿಕದ ಊರೂರು. ನೀನು ನನ್ನ ಮುಖ ನೋಡಿದೆ. ನಾನು — ಆಹಾ, ಎಂಥ ಗಂಡ! — ಯೋಚನೆಯೇ ಬೇಡ, ಹೋಗಿ ಬಾ ಎಂದೆ. ವೀಸಾಕ್ಕೆ ನಾನೇ ಓಡಾಡಿದೆ. ಕನ್ನಡ ಸಂಘದ ಯುಗಾದಿ ಊಟದಲ್ಲಿ ಎಲೆಯ ಮುಂದೆ ಕೂತವರಿಗೆಲ್ಲ ಹೇಳಿಕೊಂಡೆ. ಹೆಂಗಸರು ತಮ್ಮ ಗಂಡಂದಿರ ಕಡೆ ತಿರುಗಿ, ನೋಡಿ ಕಲೀರಿ ಎಂದರು. ಅದನ್ನು ಹೋಳಿಗೆಯ ಜೊತೆ ಚಪ್ಪರಿಸಿಕೊಂಡು ತಿಂದವನು ನಾನು. ಬೇಡ ಎನ್ನುವ ಧೈರ್ಯವಿಲ್ಲ, ಹೋಗು ಎನ್ನುವ ಮನಸ್ಸಿಲ್ಲ. ಹೀಗಿರುವವನು ಏನು ಮಾಡುತ್ತಾನೆ ಎಂದರೆ — ನಾನು ಮಾಡಿದ್ದನ್ನು ಮಾಡುತ್ತಾನೆ.

ಅಜ್ಜಿಯ ಶಾಸ್ತ್ರ ನೀನೇ ಹೇಳಿದ್ದು. ಮನೆಯಿಂದ ಹೊರಡುವಾಗ ಒಂಟಿ ಸೀನು ಕೇಳಿಸಿದರೆ ಹೊರಟವರು ವಾಪಸು ಬಂದು, ಕೂತು, ಒಂದು ಲೋಟ ನೀರು ಕುಡಿದು ಹೋಗಬೇಕು. ಎರಡು ಸೀನಾದರೆ ಅಡ್ಡಿಯಿಲ್ಲ, ಒಂದಾದರೆ ಆಗಿಬರುವುದಿಲ್ಲ. ನೀನು ನಗುತ್ತ ಹೇಳುತ್ತಿದ್ದೆ, ನಗುತ್ತಲೇ ಪಾಲಿಸುತ್ತಿದ್ದೆ. ಇಲ್ಲಿಯ ಡ್ರೈವಿಂಗ್ ಟೆಸ್ಟಿನ ದಿನವೂ ಪಕ್ಕದ ಮನೆಯವನು ಅಂಗಳದಲ್ಲಿ ಸೀನಿದನೆಂದು ಒಳಗೆ ಬಂದು ಕೂತವಳು ನೀನು.

ಮೊದಲೇ ಯೋಚಿಸಿಟ್ಟಿದ್ದೆಯಾ ಎಂದು ನೀನು ಕೇಳಿಲ್ಲ. ಕೇಳುವೆ. ಹೌದು. ಹಿಂದಿನ ದಿನ ಬಚ್ಚಲುಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಒಮ್ಮೆ ಸೀನಿ ನೋಡಿದ್ದೆ.

ವ್ಯಾನು ಮನೆಮುಂದೆ ನಿಂತಿತ್ತು. ನೀನು ಒಂದು ಕಾಲಿಗೆ ಶೂ ಹಾಕಿದ್ದೆ, ಪಿಟೀಲಿನ ಪೆಟ್ಟಿಗೆ ಹೆಗಲಲ್ಲಿತ್ತು. ನಾನು ಕೋಟು ತೂಗುಹಾಕುವ ಗೂಟದ ಹತ್ತಿರ ನಿಂತು ಸೀನಿದೆ. ಒಂದೇ. ನೀನು ಹಾಗೇ ನಿಂತೆ. ಇನ್ನೊಂದು ಬರಲಿ ಎಂದು ನನ್ನನ್ನೇ ನೋಡುತ್ತ ಕಾದೆ. ಎಷ್ಟು ಆಸೆಯಿಂದ ಕಾದೆ... ನಾನು ಮೂಗೊರೆಸಿಕೊಂಡು ಸುಮ್ಮನಾದೆ. ನೀನು ಶೂ ಬಿಚ್ಚಿ, ಮೆಟ್ಟಿಲ ಮೇಲೆ ಕೂತು, ನಾನೇ ತಂದುಕೊಟ್ಟ ನೀರು ಕುಡಿದೆ. ಕುಡಿದವಳು ಏಳಲಿಲ್ಲ.

"ಯಾಕೋ ಮನಸ್ಸಿಗೆ ಸರಿ ಬರ್ತಿಲ್ಲ ಕಣೋ. ಹೋಗ್ಲಾ, ಬೇಡ್ವಾ?"

"ನಿನ್ನಿಷ್ಟ," ಎಂದೆ.

ಸೀನಿಗಿಂತ ಇದು ದೊಡ್ಡ ಪಾಪ. ಅಷ್ಟು ಹೊತ್ತಿಗೂ ಕಾಲ ಮಿಂಚಿರಲಿಲ್ಲ. ಶಾಸ್ತ್ರ ಮುಗಿಯಿತಲ್ಲ ಮಾರಾಯ್ತಿ, ಏಳು, ಹೊರಡು ಎಂದಿದ್ದರೆ ನೀನು ಓಡಿಹೋಗುತ್ತಿದ್ದೆ. ನಿನ್ನಿಷ್ಟ ಎಂದು ಹೇಳಿ, ನನ್ನ ಇಷ್ಟವನ್ನು ನಿನ್ನ ತಲೆಗೆ ಕಟ್ಟಿದೆ. ನೋರಾ ಬಾಗಿಲಿಗೆ ಬಂದಳು. ಒಂದು ಸೀನು ಒಬ್ಬಳನ್ನು ತಡೆಯುವುದು ಹೇಗೆಂದು ಆ ಅಮೆರಿಕದ ಹುಡುಗಿಗೆ ನೀನು ಇಂಗ್ಲಿಷಿನಲ್ಲಿ ಹೇಳಲು ಹೋಗಿ, ಅರ್ಧಕ್ಕೆ ನಿಲ್ಲಿಸಿ, ಅತ್ತೆ. ಅವಳು ನನ್ನ ಕಡೆ ನೋಡಿದಳು. ನನಗೇನು ಗೊತ್ತು ಎಂಬಂತೆ ನಾನು ಕೈ ಚೆಲ್ಲಿದೆ.

ಅಂದಿನಿಂದ ಆ ಬ್ಯಾಂಡಿನ ಏಳುಬೀಳೆಲ್ಲ ಆ ಸೀನಿನ ಲೆಕ್ಕಕ್ಕೇ ಬಂತು. ಓಹಾಯೋದ ಹೆದ್ದಾರಿಯಲ್ಲಿ ಅವರ ವ್ಯಾನು ಕೆಟ್ಟು ಹಿಮದಲ್ಲಿ ನಿಂತಿತು, ಡ್ರಮ್ಮು ಬಾರಿಸುವವನು ಜಗಳವಾಡಿ ಬಿಟ್ಟುಹೋದ, ಖಾಲಿ ಬಾರುಗಳಲ್ಲಿ ಹಾಡಿದರು. ಸೀನು ಕಾಪಾಡಿತು ನೋಡು ಎಂದೆ ನೀನು. ನಾನು ಹೂಂ ಎಂದೆ. ನನ್ನ ಕಳ್ಳತನಕ್ಕೆ ದೇವರೇ ರುಜು ಹಾಕಿದಂತೆ ನೆಮ್ಮದಿಯಾಯಿತು.

ಆಮೇಲೆ ರೆಕಾರ್ಡು ಹೊರಬಂತು. ಒಂದು ಶನಿವಾರ ಕ್ಲೈನ್‌ಬರ್ಗಿನ ಕಲಾ ಗ್ಯಾಲರಿಯಲ್ಲಿ ಚಿತ್ರಗಳನ್ನು ನೋಡಿ ಬಂದು ಕಾಫಿ ಅಂಗಡಿಯಲ್ಲಿ ಕೂತಿದ್ದೆವು. ಇಳಾ ನಿನ್ನ ಹೊಟ್ಟೆಯಲ್ಲಿದ್ದಳು. ಸೂರಿನ ಸ್ಪೀಕರಿನಿಂದ ನಿನ್ನ ನೀಲಾಂಬರಿ ಇಳಿಯತೊಡಗಿತು. ಹಾಲು ಕಾಯಿಸುತ್ತಿದ್ದ ಹುಡುಗಿ ಅದನ್ನೇ ಗುನುಗುತ್ತಿದ್ದಳು. ನೀನು ಕಪ್ಪು ಹಿಡಿದ ಕೈಯನ್ನು ಕೆಳಗಿಳಿಸಲೇ ಇಲ್ಲ. ಹಾಡು ಎಲ್ಲೆಲ್ಲೂ ಹಬ್ಬಿತು. ಬಟ್ಟೆಯವರು ದೊಡ್ಡ ದೊಡ್ಡ ಬಯಲುಗಳಲ್ಲಿ ಹಾಡಿದರು. ನಿನ್ನ ಜಾಗದಲ್ಲಿ ಬೇರೊಬ್ಬಳು ನಿಂತುಕೊಂಡು ನಿನ್ನ ಎಳೆಯನ್ನು ನುಡಿಸುತ್ತಿದ್ದಳು. ಆ ವಿಡಿಯೋವನ್ನು ನೀನು ಒಂದೇ ಸಲ ನೋಡಿದೆ. ಪಾಪ, ಅಜ್ಜಿಯ ಆ ಜಾರು ಬರ್ತಿಲ್ಲ ಅವಳಿಗೆ, ಎಂದೆ. ಆಮೇಲೆ ಪಿಟೀಲು ಚಳಿಗಾಲದ ಕೋಟುಗಳ ಹಿಂದೆ ಅಟ್ಟದ ಮೇಲೆ ಹೋಯಿತು. ನನ್ನ ಹಣೆಯಲ್ಲಿ ಬರೆದಿಲ್ಲ ಎಂದು ನೀನು ಅಂದುಕೊಂಡೆ. ಹಣೆಯಲ್ಲಿ ಬರೆದಿತ್ತು ವಿನುತಾ. ಅಳಿಸಿದವನು ಪಕ್ಕದಲ್ಲೇ ಮಲಗುತ್ತಿದ್ದ.

ಆ ದಿನಗಳಲ್ಲೇ ನೀನು ಮೈಸೂರಿಗೆ ಫೋನು ಮಾಡಿ ಅಜ್ಜಿಯ ಮೇಲೆ ಕೂಗಾಡಿದೆ. ನಿನ್ನ ಹಾಳು ಶಾಸ್ತ್ರ ನನ್ನ ಕಾಲು ಕಟ್ಟಿಹಾಕಿತು ಎಂದೆ. ಫೋನು ಸ್ಪೀಕರಿನಲ್ಲಿತ್ತು. ನಾನು ಬಟ್ಟೆ ಮಡಿಸುತ್ತಿದ್ದೆ. ಆ ಕಡೆಯಿಂದ ಅವರು, ತಪ್ಪಾಯ್ತು ಮಗು, ಎಂದರು. ನಾನು ಮಡಿಸಿದ್ದ ಟವೆಲನ್ನು ಬಿಚ್ಚಿ ಇನ್ನೊಮ್ಮೆ ಮಡಿಸಿದೆ. ಅಷ್ಟೇ ನಾನು ಮಾಡಿದ್ದು. ಮುಂದಿನ ವರ್ಷ ಅವರು ತೀರಿಕೊಂಡರು.

ನೀನದನ್ನು ತಮಾಷೆ ಮಾಡಿಕೊಂಡು ಬದುಕಿದೆ. ಸಂಘದ ಊಟಗಳಲ್ಲಿ, ನಾನೂ ರಾಕ್‌ಸ್ಟಾರ್ ಆಗ್ತಿದ್ದೆ ಕಣ್ರೀ, ಒಂದು ಸೀನು ಮುಳುಗಿಸ್ತು ಎನ್ನುತ್ತಿದ್ದೆ. ಎಲ್ಲರೂ ನಗುತ್ತಿದ್ದರು. ಎಲ್ಲರಿಗಿಂತ ಜೋರಾಗಿ ನಾನು. ಇಳಾ ಈಗಲೂ ಸ್ಕೂಲಿಗೆ ಹೊರಡುವಾಗ ಒಂದು ಸೀನು ಬಂದರೆ ಇನ್ನೊಂದನ್ನು ಸುಳ್ಳೇ ಸೇರಿಸಿ, 'ಓಕೆ ಅಮ್ಮ, ಟೂ!' ಎಂದು ಓಡುತ್ತಾಳೆ. ಸುಳ್ಳು ಸೀನು ಈ ಮನೆಯಲ್ಲಿ ಯಾರಿಂದ ಬಂತೆಂದು ಅವಳಿಗೇನು ಗೊತ್ತು?

ಇನ್ನೊಂದು ಇದೆ, ಅದನ್ನೂ ಹೇಳಿಬಿಡುತ್ತೇನೆ. ನಾನು ಅವರು ಹಾಳಾಗಲೆಂದು ಕಾಯುತ್ತಿದ್ದೆ. ಆಫೀಸಿನಲ್ಲಿ ಕದ್ದು ಅವರ ಸುದ್ದಿ ಓದುತ್ತಿದ್ದೆ. ಯಾರೋ ಅವರ ಹೊಸ ಹಾಡನ್ನು ಸಪ್ಪೆ ಎಂದು ಬರೆದರೆ ಆ ದಿನ ನನಗೆ ಊಟ ರುಚಿಸುತ್ತಿತ್ತು. ಅವರು ಸೋತರೆ ನೀನು ಕಳೆದುಕೊಂಡದ್ದು ಏನೂ ಅಲ್ಲ ಎಂದಾಗುತ್ತದಲ್ಲ, ಆ ಆಸೆ. ಕಡೆಗೆ ಅವರು ತಮ್ಮತಮ್ಮಲ್ಲೇ ಕಚ್ಚಾಡಿ ಬ್ಯಾಂಡು ಮುಚ್ಚಿದರು. ಆ ಸಂಜೆ ನಾನು ಕೇಸರಿಬಾತು ಮಾಡಿದೆ. ಏನು ವಿಶೇಷ ಎಂದು ನೀನು ಕೇಳಿದೆ. ಸುಮ್ಮನೆ ಎಂದೆ. ನೀನು ಇನ್ನೂ ಆ ಸುದ್ದಿ ನೋಡಿರಲಿಲ್ಲ. ಚೆನ್ನಾಗಿದೆ ಎಂದು ಎರಡು ಸಲ ಹಾಕಿಸಿಕೊಂಡೆ.

ಈ ವಸಂತದಲ್ಲಿ ನೋರಾ ನಿನಗೆ ಮೆಸೇಜು ಮಾಡಿದಳು. ಕೂದಲು ಬೆಳ್ಳಗಾಗಿದೆ, ಜಗಳ ಮರೆತಿದ್ದೇವೆ, ಕೊನೆಯದಾಗಿ ಒಂದು ಸುತ್ತು ಹಾಡುತ್ತೇವೆ; ಟೊರಾಂಟೋದಲ್ಲಿ ಆ ಒಂದು ಹಾಡಿಗೆ ನೀನು ಬಂದು ನೆಲದ ಮೇಲೆ ಕೂರಬೇಕು ಎಂದು. ನೀನು ಅಟ್ಟದಿಂದ ಪೆಟ್ಟಿಗೆ ಇಳಿಸಿದೆ. ತಂತಿ ಬದಲಾಯಿಸಿದೆ. ದಿನಾ ಸಂಜೆ ನಮ್ಮದೇ ಮನೆಯ ಬೇಸ್‌ಮೆಂಟಿನಿಂದ, ನಮ್ಮದೇ ಗೋಡೆಯ ಕೊಳವೆಯಲ್ಲಿ, ಅದು ಮೇಲಕ್ಕೆ ಬರತೊಡಗಿತು. ಮೊದಮೊದಲು ಎಡವುತ್ತಿತ್ತು. ಆಮೇಲೆ ಜಾರು ಬಂತು. ನಾನು ಲ್ಯಾಪ್‌ಟಾಪು ಮುಚ್ಚಿ, ಕಾಲಡಿಯ ಜಾಲರಿಯಿಂದ ಬರುವ ಅದನ್ನು ಕೇಳುತ್ತ ಕೂರುತ್ತಿದ್ದೆ. ನಡುವಿನ ಇಷ್ಟು ವರ್ಷ ನಡೆದೇ ಇಲ್ಲವೇನೋ, ಕಿಟಕಿಗೆ ಇನ್ನೂ ರಜಾಯಿ ಕಟ್ಟಿದೆಯೇನೋ ಅನ್ನಿಸುತ್ತಿತ್ತು. ಈ ಸಲ ಬಾಯಿ ಮುಚ್ಚಿಕೊಂಡಿದ್ದರೂ ನಡೆಯುತ್ತದೆ, ಹೇಗೂ ನೀನು ಹೋಗುತ್ತಿದ್ದೀಯಲ್ಲ ಎಂದುಕೊಂಡಿದ್ದೆ.

ಇವತ್ತು ರಾತ್ರಿ ಟೊರಾಂಟೋದಲ್ಲಿ ಆ ಹಾಡು. ನಿನ್ನೆ ನೀನು ಡಿಕಾಕ್ಷನ್ ಇಳಿಸುತ್ತ, ನನ್ನ ಕಡೆ ನೋಡದೆ, "ನಾಳೆ ಯಾರೂ ಸೀನ್ದಿದ್ರೆ ಹೋಗ್ತೀನಿ," ಎಂದೆ. ನಗಲಿಲ್ಲ. ಮೊದಲೆಲ್ಲ ನಗುತ್ತ ಹೇಳುತ್ತಿದ್ದವಳು.

ಆಗ ನಾನು ಹೇಳಿದೆ. ಅವತ್ತು ನನಗೆ ಸೀನು ಬಂದಿರಲಿಲ್ಲ.

ನೀನು ಯಾವತ್ತು ಎಂದು ಕೇಳಲಿಲ್ಲ. ಲೋಟವನ್ನು ಕಟ್ಟೆಯ ಮೇಲಿಟ್ಟೆ. ನೀನು ಬೈಯುವೆ ಎಂದುಕೊಂಡೆ, ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

"ಅಜ್ಜಿ ನನ್ ಹತ್ರ ತಪ್ಪಾಯ್ತು ಅಂದಿದ್ಲು ಕಣೋ," ಎಂದೆ ನೀನು. ಅಷ್ಟೇ ಹೇಳಿ ಬೇಸ್‌ಮೆಂಟಿಗೆ ಇಳಿದೆ. ನಿನ್ನೆ ಪಿಟೀಲಿನ ಸದ್ದು ಬರಲಿಲ್ಲ.

ಇವತ್ತು ಮಧ್ಯಾಹ್ನ ಸ್ಟೇಷನ್ನಿಗೆ ಬಿಡಲೇ ಎಂದು ನಾನು ಕೇಳಿದೆ; ನೀನು ಬೇಡ ಎಂದೆ. ಆಮೇಲೆ, ಬಾಗಿಲ ಹತ್ತಿರ ಬರಬೇಡ ಎಂದೆ. ಹಸಿರು ಮೈಸೂರು ರೇಷ್ಮೆ ಉಟ್ಟಿದ್ದೆ. ನಾನು ಅಡುಗೆಮನೆಯ ಮೇಜಿನ ಮುಂದೆ ಕೂತೆ. ಶೂ ಹಾಕುವ ಸದ್ದು ಕೇಳಿಸಿತು, ಒಂದು, ಇನ್ನೊಂದು. ಬಾಗಿಲು ತೆರೆಯಿತು. ಹೊರಗೆ ಹುಲ್ಲು ಕತ್ತರಿಸುತ್ತಿದ್ದರು. ಈ ತಿಂಗಳಲ್ಲಿ ಹುಲ್ಲಿನ ಅಲರ್ಜಿಗೆ ನನ್ನ ಮೂಗಿನ ಗತಿ ನಿನಗೆ ಗೊತ್ತು. ಎರಡು ಕೈಯಲ್ಲೂ ಮುಖ ಒತ್ತಿ ಹಿಡಿದೆ, ಉಸಿರು ಕಟ್ಟಿದೆ — ಆಗಲಿಲ್ಲ. ಬಂದೇಬಿಟ್ಟಿತು, ಮನೆಯೆಲ್ಲ ಕೇಳುವ ಹಾಗೆ. ಒಂದೇ.

ಹೊಸ್ತಿಲ ಮೇಲೆ ನಿನ್ನ ಹೆಜ್ಜೆ ನಿಂತಿತು.

ನಿಜವಾದದ್ದು, ಆಣೆ ಮಾಡಿ ಹೇಳುತ್ತೇನೆ ಎಂದು ಕೂಗಬೇಕೆನಿಸಿತು. ಆದರೆ ಇನ್ನು ನನ್ನ ಯಾವ ಸೀನನ್ನು ನೀನು ನಂಬಬೇಕು, ಯಾಕೆ ನಂಬಬೇಕು? ಬಾಗಿಲು ಮುಚ್ಚಿಕೊಂಡಿತು. ಹೆಜ್ಜೆಗಳು ಅಂಗಳ ದಾಟಿ, ರಸ್ತೆಗಿಳಿದು, ಸ್ಟೇಷನ್ನಿನ ಕಡೆಗೆ ಹೋದವು. ನೀರು ಕುಡಿಯಲು ನೀನು ವಾಪಸು ಬರಲಿಲ್ಲ.

ನಾನು ಎದ್ದು ಒಂದು ಲೋಟ ನೀರು ಬಗ್ಗಿಸಿಕೊಂಡು, ನೀನು ಅವತ್ತು ಕೂತ ಹಾಗೆ ಮೆಟ್ಟಿಲ ಮೇಲೆ ಕೂತು, ಕುಡಿದೆ.